ಇಪ್ಪತ್ತೊಂದು ಸಹಿ

ಇದನ್ನು ಹೇಳುವ ಅರ್ಹತೆ ನನಗಿದೆಯೇ ಎಂದು ಕೇಳಿಕೊಂಡರೆ ಇಲ್ಲ ಎಂಬ ಉತ್ತರವೇ ಬರುತ್ತದೆ. ಬೆಳೆದ ಮಕ್ಕಳ ಜೊತೆ ಹೇಗಿರಬೇಕೆಂದು ಬಲ್ಲವರು ಹೇಳಬೇಕಾದ ಕಥೆ ಇದು. ಇನ್ನೊಬ್ಬರ ಮನೆಯ ಬಾಗಿಲಲ್ಲಿ ಇಣುಕಿದ ಹಾಗಾಗಿದ್ದರೆ ಓದುವವರು ಮನ್ನಿಸಬೇಕು. ಭೀಮರಾಜನೂ ಮನ್ನಿಸಬೇಕು.

"ಇಲ್ಲಿ. ಇಲ್ಲಿ. ಆಮೇಲೆ ಇಲ್ಲಿ." ಸಂಘಮಿತ್ರ ನೋಟ್‌ಬುಕ್ಕಿನ ಪುಟ ಮಗುಚುತ್ತಾ ಬೆರಳಿಟ್ಟು ತೋರಿಸುತ್ತಿದ್ದಳು. ಹತ್ತನೇ ಕ್ಲಾಸಿನ ಹುಡುಗಿ, ಮನೆಯಲ್ಲಿ ಮಿತ್ರ. ಬ್ಯಾಗು ಆಗಲೇ ಹೆಗಲಿಗೇರಿತ್ತು. ಆ ವಾರ ಸೆಕೆಂಡ್ ಶಿಫ್ಟಾದ್ದರಿಂದ ಭೀಮರಾಜ ಆಗತಾನೇ ಎದ್ದು ಕಾಫಿ ಲೋಟ ಹಿಡಿದು ಕೂತಿದ್ದ. ಲೋಟ ಕೆಳಗಿಟ್ಟು ಮಗಳು ಚಾಚಿದ ಪೆನ್ನು ತೆಗೆದುಕೊಂಡ.

"ಏನವ್ವ ಇದು, ಇಷ್ಟೊಂದು ಸೈನು? ಮನೆ ಬರ್ಸ್ಕೊಂತಿದ್ದೀಯಾ?"

"ಬಾಡ್ಗೆ ಮನೆ ಬರ್ಸ್ಕೊಂಡ್ ಏನ್ ಮಾಡ್ಲಿ? ಹಾಕಪ್ಪ ಬೇಗ, ಬೆಲ್ ಆಗುತ್ತೆ."

ಇಪ್ಪತ್ತೊಂದು ಸಹಿ. ಹನ್ನೆರಡನೆಯದರ ಹೊತ್ತಿಗೆ 'ಭೀಮರಾಜ್' ಎಂಬುದು ಬರೀ 'ಭೀಮ' ಆಗಿ, ಕೊನೆಕೊನೆಗೆ ಒಂದು ಗೀಟಾಯಿತು. ಅವನು ಏನನ್ನೂ ಓದಲಿಲ್ಲ. ಓದಲಿ ಎಂದು ಅವಳೂ ನಿಲ್ಲಲಿಲ್ಲ. ಗೇಟಿನ ಸದ್ದಾದ ಮೇಲೆ ಅವನಿಗೆ ಕಾಫಿಯ ನೆನಪಾಯಿತು, ಅದು ಆರಿಹೋಗಿತ್ತು.

ಭೀಮರಾಜ ಸೋಂಪುರದ ಒಂದು ಕಾರ್ಖಾನೆಯಲ್ಲಿ ನೀರಿನ ಬಾಟಲಿಗಳ ಮುಚ್ಚಳ ಮಾಡುವ ಮಷೀನಿನ ಆಪರೇಟರು. ಡಾಬಸ್‌ಪೇಟೆಯಲ್ಲಿ ಸಾಲಾಗಿ ಕಟ್ಟಿದ ನಾಲ್ಕು ಬಾಡಿಗೆ ಮನೆಗಳಲ್ಲಿ ಮೂರನೆಯದು ಅವನದು, ನಾಲ್ಕನೆಯದು ಮುರಳಿಯದು. ಮುರಳಿಯೂ ಅದೇ ಕಾರ್ಖಾನೆ, ಅದೇ ಶಿಫ್ಟು. ಭಾನುವಾರವೂ ಮಷೀನು ನಿಲ್ಲುವುದಿಲ್ಲ, ಹಾಗಾಗಿ ಒಂದು ಭಾನುವಾರ ಅವನು, ಮುಂದಿನ ಭಾನುವಾರ ಇವನು ಎಂದು ಸರದಿ ಗೊತ್ತಾಗಿತ್ತು. ಒಂದು ವರ್ಷದಿಂದ ಎರಡೂ ಸರದಿಗೆ ಹೋಗುತ್ತಿದ್ದವನು ಭೀಮರಾಜನೇ. ಮಗಳ ಟ್ಯೂಷನ್ನಿಗೆ ಆಗುತ್ತದೆ ಎಂದು ಮನೆಯಲ್ಲಿ ಹೇಳಿದ್ದ. ಅದು ಸುಳ್ಳೇನಲ್ಲ. ಆದರೆ ಮಷೀನಿನ ಮುಂದೆ ನಿಂತರೆ ಯಾವ ಗುಂಡಿ ಒತ್ತಿದರೆ ಏನಾಗುತ್ತದೆಂದು ಅವನಿಗೆ ಗೊತ್ತಿತ್ತು. ಮನೆಯಲ್ಲಿ, ಕಿವಿಗೆ ವೈರು ಸಿಕ್ಕಿಸಿಕೊಂಡು ಕೂತ ಮಗಳ ಮುಂದೆ, ಅದು ಗೊತ್ತಾಗುತ್ತಿರಲಿಲ್ಲ.

ಗುರುವಾರ ಕ್ಲಾಸ್ ಟೀಚರ್ ಜ್ಯೋತಿಲಕ್ಷ್ಮಿ ಫೋನ್ ಮಾಡಿದರು. 'ಹೆತ್ತವರ ಜೊತೆ ಇಪ್ಪತ್ತೊಂದು ದಿನ' ಎಂದು ಮಕ್ಕಳಿಂದ ಬರೆಸಿದ್ದರಂತೆ. ದುಡ್ಡು ಖರ್ಚು ಮಾಡದೆ ದಿನಕ್ಕೆ ಒಂದು ಗಂಟೆ ಅಪ್ಪನೋ ಅಮ್ಮನೋ ಮಕ್ಕಳ ಜೊತೆ ಕಳೆಯಬೇಕು, ಮಗು ಅದನ್ನು ಬರೆಯಬೇಕು.

"ಎಲ್ಲಾರೂ ಟಿವಿ ನೋಡಿದ್ವಿ, ಊಟ ಮಾಡಿದ್ವಿ ಅಂತ ಬರ್ದವ್ರೆ ಸಾರ್. ನಿಮ್ ಮಗಳದು ಓದಿ ನಂಗೆ ಕಣ್ಣಲ್ಲಿ ನೀರು ಬಂತು. ಮುಂದಿನ ಶನಿವಾರ ಮೂರು ಗಂಟೆಗೆ ಪೋಷಕರ ಸಭೆ. ನೀವು ಬಂದು ನಾಲ್ಕು ಮಾತಾಡ್ಬೇಕು. ನೋಟ್‌ಬುಕ್ ವಾಪಸ್ ಕಳಿಸ್ತೀನಿ, ಓದ್ಕೊಂಡು ಬನ್ನಿ."

ಶನಿವಾರ ಬೆಳಿಗ್ಗೆ ಹೆಂಡತಿ ಶಿಲ್ಪ ಗಾರ್ಮೆಂಟ್ಸಿಗೆ, ಮಗಳು ಸ್ಕೂಲಿಗೆ ಹೋದ ಮೇಲೆ ಅವನು ನೋಟ್‌ಬುಕ್ ತೆರೆದ. ದುಂಡನೆಯ ಅಕ್ಷರ. ಮನೆಯಲ್ಲಿ 'ನೀನು' ಎನ್ನುವವಳು ಇಲ್ಲಿ 'ಅಪ್ಪ ಹೇಳಿದರು, ಅಪ್ಪ ಬಂದರು' ಎಂದು ಬರೆದಿದ್ದಳು. ಅಪ್ಪ ಕೆಟ್ಟ ಮಿಕ್ಸಿಯನ್ನು ಬಿಚ್ಚಿ ಅವಳ ಕೈಯಲ್ಲೇ ರಿಪೇರಿ ಮಾಡಿಸಿದ್ದರು. ಶಿವಗಂಗೆಯ ಕಲ್ಯಾಣಿಯಲ್ಲಿ ಮೀನಿಗೆ ಪುರಿ ಹಾಕುತ್ತಾ, ಒಂದೊಂದು ಮೀನಿಗೂ ಸ್ಕೂಲಿನ ಒಬ್ಬೊಬ್ಬ ಮೇಷ್ಟರ ಹೆಸರಿಟ್ಟಿದ್ದರು. ಒಂಬತ್ತನೇ ದಿನದ ಪುಟದಲ್ಲಿ ಹೀಗಿತ್ತು: 'ಅಪ್ಪನಿಗೆ ಹತ್ತು ವರ್ಷವಿದ್ದಾಗ ಅವರ ಚಿಕ್ಕಪ್ಪ ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟಿ ಬಾವಿಗೆ ತಳ್ಳಿದರಂತೆ. ಬುರುಡೆ ಒಡೆದುಹೋಯಿತಂತೆ. ಅಪ್ಪ ಹೇಗೋ ಕೈಕಾಲು ಬಡಿದು ಮೇಲೆ ಬಂದಾಗ ಚಡ್ಡಿ ಜೇಬಿನಲ್ಲಿ ಒಂದು ಕಪ್ಪೆ ಇತ್ತಂತೆ. ಇದನ್ನು ಹೇಳಿ ಅಪ್ಪ ಜೋರಾಗಿ ನಕ್ಕರು.'

ಭೀಮರಾಜನಿಗೆ ಈಜು ಬರುವುದಿಲ್ಲ. ಅವನ ಊರು ಕುಂದಾಣದ ಹತ್ತಿರ. ಅಲ್ಲಿನ ತೋಟದ ಬಾವಿಗಳಿಗೆ ಅವನ ಕೇರಿಯ ಹುಡುಗರನ್ನು ಇಳಿಯಗೊಡುತ್ತಿರಲಿಲ್ಲ. ಈಜು ಯಾಕೆ ಬರುವುದಿಲ್ಲ ಎಂಬುದನ್ನು ಅವನು ಮಗಳಿಗೆ ಯಾವತ್ತೂ ಹೇಳಿರಲಿಲ್ಲ.

ಎಷ್ಟು ಚೆನ್ನಾಗಿ ಕಟ್ಟಿದ್ದಾಳೆ ಎಂದು ಮೊದಲು ಹೆಮ್ಮೆಯಾಯಿತು. ಆಮೇಲೆ, ಇಲ್ಲದ ಅಪ್ಪನನ್ನು ಕೂತು ಕಟ್ಟುವಷ್ಟು ಹೊತ್ತು ಇವಳು ಒಬ್ಬಳೇ ಇದ್ದಳಲ್ಲ ಎನ್ನಿಸಿ ನೋಟ್‌ಬುಕ್ ಮುಚ್ಚಿದ. ಇಪ್ಪತ್ತೊಂದರಲ್ಲಿ ಒಂದನ್ನಾದರೂ ನಿಜ ಮಾಡದೆ ಆ ಸಭೆಯಲ್ಲಿ ನಿಲ್ಲಲಾರೆ ಎಂದುಕೊಂಡ. ಮಧ್ಯಾಹ್ನ ಶಿಫ್ಟಿಗೆ ಹೋದವನೇ ಮುರಳಿಗೆ ಹೇಳಿದ, "ನಾಳೆ ನಂದೇ ಟರ್ನು. ಆದ್ರೂ ನೀನು ಹೋಗಪ್ಪ, ನಾನು ಮನೇಲಿರ್ತೀನಿ."

"ಯಾಕ್ ಭೀಮಣ್ಣ, ಹುಷಾರಿಲ್ವಾ?" ಎಂದು ಮುರಳಿ ನಿಜವಾಗಿಯೂ ಗಾಬರಿಯಿಂದ ಕೇಳಿದ.

ಭಾನುವಾರ ಬೆಳಿಗ್ಗೆ ತಿಂಡಿಗೆ ಕೂತಾಗ ಭೀಮರಾಜ ಮಗಳಿಗೆ, "ನಡಿ, ಶಿವಗಂಗೆ ಕಲ್ಯಾಣಿ ಹತ್ರ ಹೋಗ್ಬರಣ," ಎಂದ.

"ಯಾಕೆ? ಅದು ಬರ್ದಾಯ್ತಲ್ಲ."

"ಬರ್ದ್ರೆ ಆಯ್ತಾ? ಹೋಗ್ಬೇಕಲ್ವಾ?"

"ಓವರ್ ಮಾಡ್ಬೇಡಪ್ಪ. ಮೇಡಂ ಏನು ಸಿಸಿಟಿವಿ ಇಟ್ಟಿಲ್ಲ."

"ಹೋಗೇ, ಅಷ್ಟು ಕರೀತಾವ್ರೆ," ಎಂದಳು ಶಿಲ್ಪ, ನೆನೆಹಾಕಿದ ಬಟ್ಟೆಗಳ ಮುಂದೆ ಕೂರುತ್ತಾ. ಮಿತ್ರ ಬಿಳಿ ಶೂ ಹಾಕಿಕೊಂಡು ಹೊರಟಳು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಫೋನ್ ನೋಡುತ್ತಿದ್ದಳು. ಭೀಮರಾಜ ಹೊಸ ವಿಷಯ ಹುಡುಕುತ್ತಾ ಗಣಿತ ಹೇಗಿದೆ ಎಂದು ಕೇಳಿದ. ಇದೆ ಎಂದಳು.

ಕಲ್ಯಾಣಿಯ ಮೆಟ್ಟಿಲ ತಲೆಯಲ್ಲಿ ಮಂಕರಿ ಇಟ್ಟುಕೊಂಡು ಪುರಿ ಮಾರುವ ಒಬ್ಬ ಮುದುಕಿ ಕೂತಿದ್ದಳು. ದೂರದಿಂದಲೇ ಮಿತ್ರಳನ್ನು ಕಂಡು ಕೈ ಎತ್ತಿದಳು.

"ಏನ್ ಮಗಾ, ಎರಡ್ ವಾರದಿಂದ ಕಾಣ್ಲೇ ಇಲ್ಲ? ಎಲ್ಲಿ ನಿಮ್ಮಪ್ಪ, ಗಾಡಿ ನಿಲ್ಸಕ್ಕೋದ್ರಾ?"

ಮಿತ್ರ ಹೆಜ್ಜೆ ನಿಲ್ಲಿಸಿದಳು.

"ಇವತ್ತು... ಬಂದಿಲ್ಲ ಅಶ್ವತ್ಥಮ್ಮಜ್ಜಿ."

"ಮತ್ತೆ ಇವ್ರ್ಯಾರು?"

ಅವಳು ಭೀಮರಾಜನ ಕಡೆ ನೋಡಲಿಲ್ಲ. "ನಮ್ ಮಾವ," ಎಂದಳು.

"ಅದ್ಕೇ ಮತ್ತೆ," ಅಶ್ವತ್ಥಮ್ಮ ಸಂತೋಷದಿಂದ ಅಡಿಕೆ ಹೋಳನ್ನು ಇನ್ನೊಂದು ದವಡೆಗೆ ತಳ್ಳಿದಳು. "ಅವ್ರಪ್ಪಂದೇನೂ ಬಂದಿಲ್ವಲ್ಲ ಈ ಮಗೀಗೆ, ಯಾರ ಥರ ಇವಳು ಅನ್ಕೊಂತಿದ್ದೆ. ಮಾವನ ಮೂಗೇ ಬಂದೈತೆ. ನಿಮ್ ಭಾವ ಬೋ ತಮಾಷೆ ಮನುಷ್ಯ ಕಣಣ್ಣ. ಅವ್ರು ಬಂದ್ರೆ ಇಲ್ಲಿ ನಾಕ್ ಜನ ನಿಂತ್ಕೊಂಡು ನಗ್ತಾರೆ."

"ಹೂಂ," ಎಂದ ಭೀಮರಾಜ. "ಅವ್ನು ಹಂಗೇನೆ." ಹತ್ತು ರೂಪಾಯಿ ಕೊಟ್ಟು ಒಂದು ಪೊಟ್ಟಣ ತೆಗೆದುಕೊಂಡ.

ಇಬ್ಬರೂ ನೀರಿನ ಹತ್ತಿರದ ಮೆಟ್ಟಿಲಲ್ಲಿ ಕೂತರು. ಅವನು ಪುರಿ ಎಸೆದ. ಮೀನುಗಳು ಒಂದರ ಮೇಲೊಂದು ಬಿದ್ದು ಬಾಯಿ ತೆರೆದವು. ಸೋರೆಬುರುಡೆ, ಮಿಕ್ಸಿ, ಮೇಷ್ಟರ ಹೆಸರಿನ ಮೀನುಗಳು: ಯಾವುದನ್ನೂ ಮಗಳು ಕಟ್ಟಿರಲಿಲ್ಲ. ಎಲ್ಲ ನಡೆದದ್ದೇ, ಮುರಳಿಯ ಜೊತೆ. ಮುರಳಿಯ ಊರು ತುಮಕೂರಿನ ಕಡೆ, ಅವನು ಊಟದ ಹೊತ್ತಿನಲ್ಲಿ ಬಾವಿಯ ಮಾತು ಎಷ್ಟೋ ಸಲ ಆಡಿದ್ದ. ತಾನು ಮನಸ್ಸಿಟ್ಟು ಕೇಳಿಸಿಕೊಂಡಿರಲಿಲ್ಲ. ಮುರಳಿಯ ಮಗಳು ಪವಿತ್ರ ಪಿಯುಸಿ ಓದುವ ಹುಡುಗಿ, ಮಿತ್ರಳ ಗೆಳತಿ. ಅವರ ಸ್ಕೂಟರಿನಲ್ಲಿ ಮೂರನೆಯವಳಾಗಿ ಇವಳು ಹೋಗುತ್ತಿದ್ದಳು. ಮುರಳಿಗೆ ಆ ಭಾನುವಾರಗಳನ್ನು ಬಿಟ್ಟುಕೊಟ್ಟವನು ತಾನೇ.

"ಆವಜ್ಜೀನೇ ಹಂಗನ್ಕೊಂಡ್ತು," ಎಂದಳು ಮಿತ್ರ. "ನಾನೇನ್ ಹೇಳ್ಲಿಲ್ಲ."

"ಅಲ್ಲ ಅಂತಾನೂ ಹೇಳ್ಲಿಲ್ಲ."

"ಪವಿ ಮುಂದೆ, ಅಂಕಲ್ ಮುಂದೆ ಏನ್ ಹೇಳ್ಲಿ? ನಮ್ಮಪ್ಪ ಡ್ಯೂಟಿಗೆ ಹೋಗವ್ರೆ, ಇವ್ರು ಪಕ್ಕದ್ಮನೆ ಅಂಕಲ್ಲು, ಅಂತ ರಾಮಾಯಣ ಹೇಳ್ಳಾ?"

"ಇವತ್ತು ಹೇಳ್ಬೋದಿತ್ತು."

"ಇವತ್ತು ಹೇಳಿದ್ರೆ ಅವತ್ತಿಂದು ಸುಳ್ಳಾಗ್ತಿತ್ತು."

ಅವನು ಪೊಟ್ಟಣವನ್ನು ಅವಳ ಕಡೆ ಚಾಚಿದ. ಅವಳು ಒಂದು ಹಿಡಿ ತೆಗೆದುಕೊಂಡು ಮೀನಿಗೆ ಹಾಕದೆ ತಾನೇ ತಿಂದಳು.

ಆ ಸಂಜೆ ಶಿಲ್ಪಳನ್ನು ಕೇಳಿದ. "ಮುರಳಿ ಜೊತೆ ಹೋಗ್ತಾಳೆ ಅಂತ ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ನಲ್ಲ. ಹೂಂ ಅಂದ್ರಿ."

"ಯಾವಾಗ?"

"ಪ್ರತಿ ಸಲಾನೂ ಹೇಳಿದೀನಿ. ಪ್ರತಿ ಸಲಾನೂ ಹೂಂ ಅಂದಿದೀರ," ಎಂದು ಅವಳು ಒಣಗಿದ ಬಟ್ಟೆ ಮಡಚುವುದನ್ನು ಮುಂದುವರಿಸಿದಳು. ಆ ಮಾತಿನಲ್ಲಿ ಸಿಟ್ಟೂ ಇರಲಿಲ್ಲ.

ಮುಂದಿನ ಶನಿವಾರದ ಹೊತ್ತಿಗೆ ಅವನು ಒಂದು ತೀರ್ಮಾನಕ್ಕೆ ಬಂದಿದ್ದ. ಸಭೆಯಲ್ಲಿ ನಿಜ ಹೇಳಿಬಿಡುವುದು: ನಾನಲ್ಲ, ಇದು ಇನ್ನೊಬ್ಬರದು. ಫಸ್ಟ್ ಶಿಫ್ಟ್ ಮುಗಿಸಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದ. ಬೆಂಚುಗಳಲ್ಲಿ ಅರವತ್ತೆಪ್ಪತ್ತು ಅಪ್ಪ ಅಮ್ಮಂದಿರು. ಮಕ್ಕಳು ಗೋಡೆಗೆ ಒರಗಿ ನಿಂತಿದ್ದರು. ಮಿತ್ರ ಕೊನೆಯಲ್ಲಿ ತಲೆ ತಗ್ಗಿಸಿಕೊಂಡು ಶೂ ನೋಡುತ್ತಿದ್ದಳು.

"ಸಾರ್, ನಾಲ್ಕು ಮಾತು ಆಮೇಲೆ," ಎಂದರು ಜ್ಯೋತಿಲಕ್ಷ್ಮಿ ಮೇಡಂ ಮೈಕಿನಲ್ಲಿ. "ಮೊದ್ಲು ಆ ಬಾವಿ ಕಥೆ ನಿಮ್ಮ ಬಾಯಲ್ಲೇ ಹೇಳಿ. ಇವರೂ ಕೇಳ್ಲಿ."

ಭೀಮರಾಜ ಮೈಕಿನ ಮುಂದೆ ನಿಂತ. ಮಿತ್ರಳ ಪಕ್ಕದ ಹುಡುಗಿ ಅವಳ ಭುಜ ತಟ್ಟಿ ನಗುತ್ತಿದ್ದಳು. ಅವನು ಗಂಟಲು ಸರಿಮಾಡಿಕೊಂಡ.

"ನಂಗೆ ಹತ್ತು ವರ್ಷ," ಎಂದು ಶುರು ಮಾಡಿದ.

ಚಿಕ್ಕಪ್ಪ ಬಂದರು. ಸೋರೆಬುರುಡೆ ಬಂತು. ಬುರುಡೆ ಒಡೆದಾಗ ಜನ ನಕ್ಕರು. ನೋಟ್‌ಬುಕ್ಕಿನಲ್ಲಿ ಇಲ್ಲದ್ದೂ ಅವನ ಬಾಯಿಂದ ಬರತೊಡಗಿತು. "ನೀರು ಬೋ ತಣ್ಣಗಿತ್ತು. ಮೇಲಿಂದ ನೋಡ್ದಾಗ ಕರ್ರಗೆ ಕಾಣ್ತಿತ್ತು, ಒಳಗೋದ್ರೆ ಹಸಿರು. ಮೇಲೆ ಬಂದಾಗ ದಡದಾಗೆ ಊರೋರೆಲ್ಲ ನಿಂತಿದ್ರು. ಯಾರೂ ಬೈಲಿಲ್ಲ." ಕಪ್ಪೆ ಬಂದಾಗ ಚಪ್ಪಾಳೆ ಬಿತ್ತು. ಮಿತ್ರ ತಲೆ ಎತ್ತಿದ್ದಳು. ಅಪ್ಪನಿಗೆ ಈಜು ಬರುವುದಿಲ್ಲವೆಂದು ಬಲ್ಲವಳು, ಅವನು ಮಾತು ಮುಗಿಸುವವರೆಗೂ ಅವನ ಮುಖದಿಂದ ಕಣ್ಣು ತೆಗೆಯಲಿಲ್ಲ. ಅವಳು ತನ್ನನ್ನು ಹಾಗೆ ನೋಡಿ ಎಷ್ಟು ವರ್ಷವಾಯಿತೋ ಅವನಿಗೆ ಲೆಕ್ಕ ಸಿಗಲಿಲ್ಲ.

"ಇಷ್ಟು ಕೆಲ್ಸದ ಮಧ್ಯೆ ಹೆಂಗೆ ಸಾರ್ ಟೈಮ್ ಮಾಡ್ಕೊಂತೀರ?" ಎಂದು ಮುಂದಿನ ಬೆಂಚಿನ ಒಬ್ಬ ತಾಯಿ ಕೇಳಿದಳು.

"ಪುರಿಗೆ ಹತ್ತು ರೂಪಾಯಿ ಸಾಕಮ್ಮ," ಎಂದ ಭೀಮರಾಜ. "ಭಾನುವಾರ ಒಂದು ಬೇಕು, ಅಷ್ಟೆ."

ಸ್ಟೀಲಿನ ನೀರಿನ ಬಾಟಲಿ ಬಹುಮಾನ ಕೊಟ್ಟರು. ದಾರಿಯುದ್ದಕ್ಕೂ ಅವನು ಅದರ ಮುಚ್ಚಳ ತಿರುಗಿಸಿ ಒಳಗಿನ ಥ್ರೆಡ್ ಸರಿಯಿದೆಯೇ ಎಂದು ನೋಡುತ್ತಾ ನಡೆದ. ಮಿತ್ರ ಎರಡು ಹೆಜ್ಜೆ ಮುಂದಿದ್ದಳು. ಮನೆ ಹತ್ತಿರ ಬಂದಾಗ ತಿರುಗಿ, "ಯಾರೂ ಬೈಲಿಲ್ಲ ಅಂತ ನಾನ್ ಬರ್ದಿರ್ಲಿಲ್ಲ," ಎಂದಳು.

"ಗೊತ್ತು," ಎಂದ. ಹೇಳುವುದು ಇನ್ನೂ ಇತ್ತು. ಕುಂದಾಣ, ಕೇರಿ, ಬಾವಿಯ ಕಟ್ಟೆಯ ಮೇಲೆ ಕೋಲು ಹಿಡಿದು ಕೂತಿರುತ್ತಿದ್ದ ತೋಟದವನು. ಬಾಟಲಿಯ ಮುಚ್ಚಳವನ್ನು ಮತ್ತೊಮ್ಮೆ ತಿರುಗಿಸಿದ. ಅವಳು ಒಂದು ಗಳಿಗೆ ಕಾದು ಗೇಟು ತೆಗೆದಳು.

ಸಂಜೆ ಅವಳು ಹಳೆಯ ಬ್ರಷ್ಷಿನಿಂದ ಬಿಳಿ ಶೂ ಉಜ್ಜಿ ತೊಳೆದು, ಲೇಸು ಬಿಚ್ಚಿ, ಕಾಂಪೌಂಡಿನ ಮೇಲೆ ಒಣಗಲಿಟ್ಟಳು. ಆಮೇಲೆ ಪವಿತ್ರ ಬಂದಳು. ಇಬ್ಬರೂ ಒಳಗೆ ಮಂಚದ ಮೇಲೆ ಕೂತು ಏನೋ ಗುಸುಗುಸು ನಗುತ್ತಿದ್ದರು. ಮುರಳಿ ಬಾಗಿಲಿಗೆ ಬಂದು ನಿಂತ.

"ಭೀಮಣ್ಣ, ಪ್ರೈಜ್ ಬಂತಂತೆ. ಪಾರ್ಟಿ ಯಾವಾಗ?"

"ನೀರಿನ ಬಾಟ್ಲಿ ಕಣಪ್ಪ. ನೀರ್ ಕುಡಿ ಬಾ."

ಮುರಳಿ ನಕ್ಕ. ಏನೂ ಅರಿಯದ ನಗು. ಅದು ಭೀಮರಾಜನಿಗೆ ಇನ್ನೂ ಕಷ್ಟವಾಯಿತು. "ನಾಳೆ ನಂದು ಟರ್ನು. ಹೆಂಗಣ್ಣ? ನಾನ್ ಹೋಗ್ಲಾ, ನೀನ್ ಹೋಗ್ತೀಯಾ? ನಿಂಗೆ ಮನೇಲಿರ್ಬೇಕು ಅಂದ್ರೆ ಹೇಳು, ನಂದೇನಿಲ್ಲ."

ಒಳಗಿನ ಗುಸುಗುಸು ನಿಂತಿತು. ಫೋನಿನ ಹಾಡೂ ನಿಂತಿತು. ಇಬ್ಬರು ಹುಡುಗಿಯರೂ ಉತ್ತರಕ್ಕೆ ಕಾಯುತ್ತಿದ್ದರು. ಭೀಮರಾಜ ಯೋಚಿಸಿದ: ತಾನು ಉಳಿದರೆ ಮುರಳಿ ಕಾರ್ಖಾನೆಯಲ್ಲಿ, ಸ್ಕೂಟರಿಲ್ಲ, ಕಲ್ಯಾಣಿಯಿಲ್ಲ, ನಾಲ್ಕು ಜನ ನಿಂತು ನಗುವ ಮಾತಿಲ್ಲ. ಗಣಿತ ಹೇಗಿದೆ ಎಂದು ಕೇಳುವ ಒಬ್ಬ ಮಾವ ಮಾತ್ರ. ಆ ಮೌನ ಏನನ್ನು ಕೇಳುತ್ತಿದೆಯೆಂದು ತನಗೆ ಗೊತ್ತಿದೆ ಎಂದುಕೊಂಡ. ನಾಳೆ ಮಷೀನಿನ ಮುಂದೆ ನಿಲ್ಲಬಹುದು ಎಂಬ ಸಣ್ಣ ನಿರಾಳವೂ ಅದರ ಜೊತೆಗೇ ಬಂತು. ಅದನ್ನು ಅವನು ಬಲ್ಲ.

"ನಾನೇ ಹೋಗ್ತೀನಿ ಬಿಡು," ಎಂದ.

ಒಳಗೆ ಹಾಡು ಮತ್ತೆ ಶುರುವಾಯಿತು. ನಗು ಕೇಳಿಸಲಿಲ್ಲ.

ಭಾನುವಾರ ಮಧ್ಯಾಹ್ನ ಎರಡೂವರೆಗೆ ಅವನು ಬಂದಾಗ ಮುರಳಿಯ ಸ್ಕೂಟರ್ ಇರಲಿಲ್ಲ. ಮಿತ್ರ ಮನೆಯಲ್ಲೇ ಗೋಡೆಯ ಕಡೆ ತಿರುಗಿ ಮಲಗಿದ್ದಳು.

"ಇವ್ಳು ಹೋಗ್ಲಿಲ್ವಾ?"

"ಪವಿತ್ರ ಎರಡ್ ಸಲ ಕರೆದ್ಲು. ತಲೆನೋವು ಅಂದ್ಲು," ಎಂದಳು ಶಿಲ್ಪ.

ಅವನು ಕೈಕಾಲು ತೊಳೆಯಲು ಹೊರಗೆ ಬಂದ. ಶೂಗಳು ಕಾಂಪೌಂಡಿನ ಮೇಲೆ ಇಟ್ಟ ಹಾಗೇ ಇದ್ದವು. ಎಂದೋ ಒಣಗಿ ಬಿಸಿಲಿಗೆ ಬೆಚ್ಚಗಾಗಿದ್ದವು. ಮೆಟ್ಟಿಲ ಮೇಲೆ ಕೂತು ಒಂದನ್ನು ತೊಡೆಯ ಮೇಲಿಟ್ಟುಕೊಂಡು ಲೇಸು ಪೋಣಿಸತೊಡಗಿದ. ಈಗಿನ ಮಕ್ಕಳು ಹೇಗೆ ಪೋಣಿಸುತ್ತಾರೋ ತಿಳಿಯದೆ ಎರಡು ತೂತು ದಾಟಿಸಿ ಬಿಚ್ಚಿದ. ಮತ್ತೆ ಪೋಣಿಸಿದ.

ಶನಿವಾರ ಸಂಜೆ ಆ ಶೂಗಳನ್ನು ಉಜ್ಜುವಾಗ, ನಾಳೆ ಯಾರ ಜೊತೆ ಹೋಗುವುದೆಂದು ಅವಳ ಮನಸ್ಸಿನಲ್ಲಿತ್ತೋ, ಭೀಮರಾಜ ಕೇಳಲಿಲ್ಲ. ಅವಳೂ ಹೇಳಲಿಲ್ಲ. ಊಹಿಸಿ ಬರೆದುಬಿಡಬಹುದು, ಆದರೆ ನನಗೆ ನಿಜವಾಗಿಯೂ ಗೊತ್ತಿಲ್ಲ.