ಬಲಗಡೆಗೆ ನಿಂತ ಕಾರು

ಅಣ್ಣ ಕಾರನ್ನು ಹಿಂದಕ್ಕೆ ತೆಗೆಯುತ್ತಿದ್ದ. ಚಕ್ರದಡಿ ಹೆಡ್‌ಲೈಟಿನ ಗಾಜು ನುರಿಯುವ ಸದ್ದಿಗೆ ತಂಗಿ ತಲೆಯೆತ್ತಿದಳು. ಅವಳು ರಸ್ತೆಯ ಮೇಲೆ ಮೊಣಕಾಲೂರಿ ಕೂತಿದ್ದಳು. ತೊಡೆಯ ಮೇಲೆ ಯಾರೋ ಹೆಂಗಸಿನ ತಲೆ, ಹೆಲ್ಮೆಟ್ಟಿನ ಸಮೇತ. ನಾಲ್ಕು ಮಾರು ಆಚೆ ಹೆಂಗಸಿನ ಸ್ಕೂಟರು ಮಗುಚಿ ಬಿದ್ದಿತ್ತು. ಅದರ ಹಿಂದಿನ ಚಕ್ರ ಇನ್ನೂ ತಿರುಗುತ್ತಲೇ ಇತ್ತು.

"ಅಣ್ಣಾ, ಕಾರು ಬಿಡು. ಇಲ್ಲಿ ಬಾ."

ಅವನಿಗೆ ಕೇಳಿಸಲಿಲ್ಲ. ಇಪ್ಪತ್ತಾರು ವರ್ಷ ಶಾಲೆಯ ಬಸ್ಸು ಓಡಿಸಿದವನು. ಏನೇ ತಗುಲಲಿ, ಗಾಡಿ ಪಕ್ಕಕ್ಕೆ ಹಾಕಿ ಹಿಂದಿನವರಿಗೆ ಜಾಗ ಮಾಡಿಕೊಡುವುದು ಮೊದಲ ಕೆಲಸ. 'ಮೊದಲು ದಾರಿ ಬಿಡು, ಆಮೇಲೆ ಬಾಯಿ ಬಿಡು' ಎಂದು ಹೊಸ ಡ್ರೈವರುಗಳಿಗೆ ಹೇಳಿಕೊಡುತ್ತಿದ್ದವನು ಅವನೇ. ಈಗಲೂ ಇಂಡಿಕೇಟರ್ ಹಾಕಿ, ಕನ್ನಡಿ ನೋಡಿ, ಕಾರನ್ನು ಬಲಗಡೆಯ ಅಂಚಿಗೆ ಅಚ್ಚುಕಟ್ಟಾಗಿ ಒತ್ತಿ ನಿಲ್ಲಿಸಿದ. ಆಮೇಲಷ್ಟೇ ನೀರಿನ ಬಾಟಲಿ ಹಿಡಿದು ಓಡಿಬಂದ.

ಬಲಗಡೆ. ಅವರ ದೇಶದಲ್ಲಿ ಎಡ, ಇಲ್ಲಿ ಬಲ. ಬೆಳಿಗ್ಗೆ ಗಡಿ ದಾಟಿದಾಗಿನಿಂದ ಅವನು ಅದನ್ನು ಜಪ ಮಾಡುತ್ತ ಬಂದಿದ್ದ. "ಸರ್ವೆ ಮೇಡಂ, ನಾನು ಮರೆತ್ರೆ ತೊಡೆಗೊಂದು ಚಿವುಟು," ಎಂದು ತಂಗಿಯನ್ನು ನಗಿಸಿದ್ದ. ಪೆಟ್ರೋಲ್ ಬಂಕಿನಿಂದ ಹೊರಗೆ ಬೀಳುವಾಗ ಒಂದೇ ಒಂದು ಸಲ ಮರೆತು ಎಡಕ್ಕೆ ಹೊರಳಿಸಿದ. ಚಿವುಟಬೇಕಾದವಳು ಆ ಹೊತ್ತಿನಲ್ಲಿ ಹಿಂದಿನ ಸೀಟಿಗೆ ತಿರುಗಿ ಟೈಲ್ಸಿನ ಡಬ್ಬಗಳನ್ನು ಸರಿಪಡಿಸುತ್ತಿದ್ದಳು. ಟೈಲ್ಸು ಅವಳ ಮನೆಯ ಬಚ್ಚಲಿಗೆ. ಈ ಕಡೆ ಅಗ್ಗ, ರಜೆ ಇದೆಯಲ್ಲ ಬಾ ಎಂದು ಅವನನ್ನು ಎಬ್ಬಿಸಿಕೊಂಡು ಬಂದವಳೂ ಅವಳೇ.

ಹೆಂಗಸಿನ ಕಾಲು ಮಡಚಬಾರದ ಕಡೆ ಮಡಚಿತ್ತು. ಆಕೆ ಅಳಲಿಲ್ಲ. ಲಾಂಡ್ರಿಯ ಸಮವಸ್ತ್ರದ ಗುಂಡಿಯನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತ, ತನ್ನ ಭಾಷೆಯಲ್ಲಿ ಒಂದೇ ಮಾತನ್ನು ಕೇಳುತ್ತಿದ್ದಳು. ಆಂಬುಲೆನ್ಸ್ ಹೊರಟುಹೋದ ಮೇಲೆ ಪೊಲೀಸಿನವನು ಅದರ ಅರ್ಥ ಹೇಳಿದ. "ನನಗೇನಾಯ್ತು ಅಂತ ಕೇಳ್ತಿದ್ದಳು. ಅವಳಿಗೆ ಒಂದೂ ನೆನಪಿಲ್ಲ."

ಹೊಟ್ಟೆ ಮುಂದೆ ಬಂದ, ನಿಧಾನದ ಮನುಷ್ಯ ಅವನು. ಗಡಿಯ ಠಾಣೆಯವನಾದ್ದರಿಂದ ಎರಡೂ ಕಡೆಯ ಭಾಷೆ ಬಲ್ಲವನು. ರಸ್ತೆಯನ್ನು ನೋಡಿದ, ಬದಿಗೆ ನಿಂತ ಕಾರನ್ನು ನೋಡಿದ, ಹಣೆ ತಿಕ್ಕಿಕೊಂಡ.

"ಕಾರು ಯಾಕೆ ಕದಲಿಸಿದ್ರಿ ಯಜಮಾನ್ರೇ?"

"ದಾರಿಗೆ ಅಡ್ಡ ಇತ್ತು," ಎಂದ ಅಣ್ಣ.

"ನಿಮ್ಮ ಕಡೆ ಅದು ಮರ್ಯಾದೆ. ಇಲ್ಲಿ ನಾವು ಬರೋವರೆಗೂ ಗಾಡಿ ಮುಟ್ಟೋ ಹಾಗಿಲ್ಲ. ಗಾಜನ್ನೆಲ್ಲ ಚಕ್ರದಲ್ಲಿ ಸಾರಿಸಿಬಿಟ್ಟಿದ್ದೀರಿ. ಡಿಕ್ಕಿ ಎಲ್ಲಿ ಆಯ್ತು ಅಂತ ಈಗ ನಾನು ಯಾರನ್ನ ಕೇಳಲಿ? ಬಂಕಿನವನು ಒಳಗೆ ಚಹಾ ಕುಡೀತಿದ್ನಂತೆ." ಅಪಘಾತ ವರದಿಯ ನಮೂನೆ, ಪೆನ್ನು ತೆಗೆದು ಕಾರಿನ ಬಾನೆಟ್ಟಿನ ಮೇಲಿಟ್ಟ. ನಡುವೆ ಒಂದು ಖಾಲಿ ಚೌಕ. "ಇಲ್ಲಿ ನಕ್ಷೆ ಬರೀರಿ. ಯಾರ ಗಾಡಿ ಎಲ್ಲಿತ್ತು ಅಂತ. ಓಡಿಸಿದವರು ಸಹಿ ಹಾಕಬೇಕು. ತಪ್ಪು ಯಾರದ್ದೋ, ಆಸ್ಪತ್ರೆ ಖರ್ಚು ಅವರ ತಲೆಗೆ. ನಿಮ್ಮದಾದ್ರೆ ಕಾಗದ ನಿಮ್ಮ ದೇಶಕ್ಕೂ ಹೋಗುತ್ತೆ. ನೀವೇನು ಕೆಲಸ ಮಾಡೋದು?"

"ಶಾಲೆ ಬಸ್ಸು ಓಡಿಸೋದು."

ಪೊಲೀಸಿನವನು ನಾಲಿಗೆ ಲೊಚಗುಟ್ಟಿದ. "ಬರೀರಿ. ನಾನು ಸ್ಕೂಟರ್ ಎತ್ತಿಸಿ ಬರ್ತೀನಿ."

ಅಣ್ಣ ಪೆನ್ನು ಮುಟ್ಟಲಿಲ್ಲ. ಅವನ ಕೈಯಲ್ಲಿ ಹೆಂಗಸಿನ ಒಂದು ಚಪ್ಪಲಿಯಿತ್ತು, ಹಿಮ್ಮಡಿಯ ಕಡೆ ಸವೆದದ್ದು. ಎಲ್ಲಿ ಸಿಕ್ಕಿತೋ, ಯಾವಾಗ ಎತ್ತಿಕೊಂಡನೋ. ಅದರೊಳಗೆ ಸಿಕ್ಕಿದ್ದ ಗಾಜಿನ ಚೂರುಗಳನ್ನು ಉಗುರಿನಲ್ಲಿ ಒಂದೊಂದಾಗಿ ಆರಿಸಿ ಜೇಬಿಗೆ ಹಾಕಿಕೊಳ್ಳುತ್ತಿದ್ದ.

ಪೆನ್ನು ತಂಗಿ ತೆಗೆದುಕೊಂಡಳು. ಹದಿನೆಂಟು ವರ್ಷ ಜನರ ಜಮೀನು ಅಳೆದವಳು. ಒಂದು ಗೇಣು ನೆಲಕ್ಕಾಗಿ ಅಣ್ಣತಮ್ಮಂದಿರು ಕೊಡಲಿ ಎತ್ತಿದ್ದನ್ನು ಕಂಡೂ ಗೆರೆ ಸರಿಸಿದವಳಲ್ಲ. ಬಂಕು, ರಸ್ತೆ, ನಡುವಿನ ಬಿಳಿ ಪಟ್ಟೆ ಬರೆದಳು. ಸ್ಕೂಟರು ಬರೆದಳು. ಕಾರು ಬರೆಯುವಾಗ ಪೆನ್ನು ಒಂದು ಕ್ಷಣ ನಿಂತಿತು. ಆಮೇಲೆ ಬಲಗಡೆಗೆ ಹೋಗಿ, ಅಲ್ಲೊಂದು ನೀಟಾದ ಆಯತ ಎಳೆಯಿತು. ಸ್ಕೂಟರಿನ ಬಾಣದ ಗುರುತನ್ನು ಬಿಳಿ ಪಟ್ಟೆ ದಾಟಿಸಿದಳು. ಗೆರೆ ಜಮೀನಿನ ನಕ್ಷೆಯಷ್ಟೇ ನೇರವಾಗಿತ್ತು.

"ನೋಡು," ಎಂದಳು ತಗ್ಗಿದ ದನಿಯಲ್ಲಿ. "ಕಾರು ಈಗ ನಿಂತಿರೋ ಕಡೆನೇ ಬರೆದಿದ್ದೀನಿ. ಇಲ್ಲ ಅನ್ನೋರು ಯಾರೂ ಇಲ್ಲ."

ಅಣ್ಣ ನಕ್ಷೆಯನ್ನು ನೋಡಿದ. ದಿನವೂ ಬಸ್ಸು ಹತ್ತುವ ಮಕ್ಕಳನ್ನು ಎಣಿಸುವ ಹಾಗೆ, ತುಟಿಯಾಡಿಸುತ್ತ.

"ಅವಳು ದಾಟಿ ಬಂದಳಾ?" ಎಂದ.

"ಅಣ್ಣ, ಅವಳಿಗೆ ನೆನಪಿಲ್ಲ."

"ನನಗಿದೆ."

"ನಿನ್ನ ಲೈಸೆನ್ಸ್ ಹೋಗುತ್ತೆ. ನಾಳೆಯಿಂದ ನಿನ್ನನ್ನ ಬಸ್ಸಿನ ಮೆಟ್ಟಿಲು ಹತ್ತೋಕೆ ಬಿಡಲ್ಲ. ಆ ಬಸ್ಸು ಬಿಟ್ಟು ನಿನಗೇನು ಬರುತ್ತೆ ಹೇಳು? ಅತ್ತಿಗೆಗೆ ನಾನು ಯಾವ ಮುಖ ತೋರಿಸಲಿ? ಇದು ನನ್ನಿಂದ ಆಗಿದ್ದು, ನನ್ನ ಮೇಲೇ ಇರಲಿ. ಬರೆದವಳು ನಾನು. ನೀನು ಸುಮ್ನೆ ಸಹಿ ಹಾಕು." ಪೆನ್ನನ್ನು ಅವನ ಬೆರಳುಗಳ ನಡುವೆ ತುರುಕಿದಳು.

ಪೊಲೀಸಿನವನು ಕೈ ಒರೆಸಿಕೊಳ್ಳುತ್ತ ಬಂದು ನಕ್ಷೆಯ ಮೇಲೆ ಬಾಗಿದ. ತುಂಬ ಹೊತ್ತು ನೋಡಿದ. ಅವನ ಹುಬ್ಬು ಮೇಲೇರಿ, ಮತ್ತೆ ಇಳಿಯಿತು.

"ಚೆನ್ನಾಗಿ ಬರೆದಿದ್ದೀರಮ್ಮ," ಎಂದ. "ನನಗೆ ಇದು ಸಾಕು. ಇಲ್ಲೊಂದು ಸಹಿ ಹಾಕಿ ಹೊರಡಿ ಯಜಮಾನ್ರೇ. ಕತ್ತಲಾಗೋ ಮುಂಚೆ ನಿಮ್ಮ ಊರು ಸೇರ್ಕೋಬಹುದು."

ಅಣ್ಣ ಪೆನ್ನಿಗೆ ಮುಚ್ಚಳ ಹಾಕಿದ. ಅದನ್ನು ಚೌಕದೊಳಗಿನ ಕಾರಿನ ಮೇಲೆ ಅಡ್ಡ ಇಟ್ಟು, ಚಪ್ಪಲಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಹಾಕಲ್ಲ," ಎಂದ.