ಶಿಳ್ಳೆಗೆ ಕಾದವನು

ಲಿಮಾದ ನಮ್ಮ ಬಡಾವಣೆಯ ಉದ್ಯಾನದಲ್ಲಿ ಹತ್ತೊಂಬತ್ತು ಫಲಕಗಳಿವೆ. ಅಷ್ಟನ್ನೂ ಬರೆದವಳು ನಾನು. ಹುಲ್ಲು ತುಳಿಯಬಾರದು, ಚೆಂಡು ತರಬಾರದು, ಬೆಂಚಿನ ಮೇಲೆ ಮಲಗಬಾರದು. ಯಾರಾದರೂ ದೂರು ಕೊಟ್ಟರೆ ಪುರಸಭೆ ನನ್ನಿಂದ ಒಂದು ಸಾಲು ಬರೆಸುತ್ತಿತ್ತು. ಮಾಲಿ ತೆಯೋಫಿಲೋ ಅದನ್ನು ಮೊಳೆ ಹೊಡೆದು ನಿಲ್ಲಿಸುತ್ತಿದ್ದ. ಅವನಿಗೆ ಓದು ಬರುತ್ತಿರಲಿಲ್ಲ. ಪ್ರತಿ ಫಲಕವನ್ನೂ ನನ್ನಿಂದ ಎರಡು ಸಲ ಓದಿಸಿಕೊಂಡು, ಬಾಯಿಪಾಠ ಮಾಡಿ, ಎಲ್ಲರಿಗಿಂತ ನಿಷ್ಠೆಯಿಂದ ಪಾಲಿಸುತ್ತಿದ್ದ.

ಕಳೆದ ವಾರ ಮಧ್ಯಾಹ್ನ ನಾಲ್ಕಕ್ಕೆ, ಗುಲಾಬಿ ಪಾತಿಯ ಪಕ್ಕದಲ್ಲಿ ಅವನ ಎದೆಬಡಿತ ನಿಂತಿತು.

ಐದನೆಯ ದಿನ ಅವನ ಹೆಂಡತಿ ಸಬೀನಾ ಒಲೆಬೂದಿಯ ಚೀಲ ಹಿಡಿದು ನನ್ನ ಕಚೇರಿಗೆ ಬಂದಳು. ಅವರ ಬೆಟ್ಟದ ಕಡೆಯ ಜನ ಸಾವಿನ ಐದನೆಯ ಸಂಜೆ, ಸತ್ತ ಜಾಗದಲ್ಲಿ ಬೂದಿ ಹರಡಿ, ಬೆಳಿಗ್ಗೆ ಹೆಜ್ಜೆ ನೋಡುತ್ತಾರೆ. ಹೆಜ್ಜೆ ಹೊರಗೆ ಹೋಗಿದ್ದರೆ ಜೀವ ಹೊರಟಿತು ಎಂದರ್ಥ. ಆಮೇಲೆ ಅವನ ಬಟ್ಟೆ ಒಗೆಯುತ್ತಾರೆ. ಆದರೆ ಬೂದಿ ಚೆಲ್ಲಬಾರದು ಎನ್ನುವುದು ನನ್ನದೇ ಹನ್ನೊಂದನೆಯ ಫಲಕ.

“ಅವ್ನು ಹೋದ್ನೋ ಇಲ್ವೋ ಗೊತ್ತಾಗ್ದೆ ನಾನು ಹೆಂಗೆ ಕಣ್ಣು ಮುಚ್ಲಿ, ತಾಯಿ?” ಎಂದಳು.

ಕೆಲಸ ಹೋದೀತೆಂಬ ಭಯವಿದ್ದರೂ ಒಪ್ಪಿದೆ. ಸತ್ತವರಿಗೂ ಒಂದು ಬೋರ್ಡು ಬರೆದುಬಿಡಿ ಎಂದು ಕಾವಲುಗಾರ ವಿಲ್ಫ್ರೆದೋ ನನ್ನನ್ನು ಚುಚ್ಚಿದ. ಆದರೂ ಪಾತಿಯಿಂದ ಗೇಟಿನವರೆಗೆ ದಾರಿಯುದ್ದಕ್ಕೂ ಬೂದಿ ಹರಡಲು ಕೈಜೋಡಿಸಿದ. ಕತ್ತಲಾಗುವ ಮೊದಲೇ ಬೀಗ ಹಾಕಿದ.

ಬೆಳಿಗ್ಗೆ ಪಕ್ಕದ ಸಣ್ಣ ಬಾಗಿಲಿನಿಂದ ಒಳಗೆ ಹೋದೆವು. ಹೆಜ್ಜೆಗಳಿದ್ದವು. ಬರಿಗಾಲು. ಬಲಗಾಲಿನಲ್ಲಿ ಕಿರುಬೆರಳಿಲ್ಲ, ತೆಯೋಫಿಲೋನ ಆ ಬೆರಳನ್ನು ಹಿಂದೆಂದೋ ಗುದ್ದಲಿ ತಿಂದಿತ್ತು. ಹುಲ್ಲಿನ ಮೇಲೆ ಹಾಯ್ದರೆ ಗೇಟು ಇಪ್ಪತ್ತೇ ಮಾರು. ಹೆಜ್ಜೆಗಳು ಹುಲ್ಲಿನ ಅಂಚನ್ನೂ ಸೋಕದೆ ಇಡೀ ದಾರಿ ಸುತ್ತಿ ಬಂದು, ಗೇಟಿನ ಮುಂದೆ ನಿಂತಿದ್ದವು. ಅಲ್ಲಿ ಬೂದಿ ಕದಡಿತ್ತು, ಯಾರೋ ಕಾಲು ಬದಲಿಸುತ್ತ ಬಹಳ ಹೊತ್ತು ಕಾದ ಹಾಗೆ.

ಸಬೀನಾ ಶಾಲನ್ನು ಬಾಯಿಗೆ ಒತ್ತಿಕೊಂಡಳು. ನನ್ನ ಕಣ್ಣು ಗೇಟಿನ ಫಲಕಕ್ಕೆ ಹೋಯಿತು: ಸಂಜೆಯ ಶಿಳ್ಳೆಗೆ ಮುಂಚೆ ಕೆಲಸಗಾರರು ಹೊರಹೋಗಬಾರದು.

ಅವನು ಸತ್ತ ದಿನ ಶಿಳ್ಳೆ ಹೊಡೆದೆಯಾ ಎಂದು ವಿಲ್ಫ್ರೆದೋನನ್ನು ಕೇಳಿದೆ.

“ಅವತ್ತಿಂದ ಹೊಡ್ದೇ ಇಲ್ಲ, ಸೆನ್ಯೋರಾ. ಯಾರಿಗಂತ ಹೊಡೀಲಿ? ಕೆಲಸದೋನು ಅಂತ ಇದ್ದಿದ್ದು ಅವನೊಬ್ನೇ.”

“ಈಗ ಹೊಡಿ.”

ಗೇಟು ತೆರೆದು ಹೊಡೆದ. ಮೊದಲ ಸಲ ಉಸಿರು ಸಾಲಲಿಲ್ಲ. ಎರಡನೆಯದು ಉದ್ದಕ್ಕೆ ಹೋಯಿತು. ನಾನು ನೆಲ ನೋಡದೆ ಆಚೆಯ ಗೋಡೆಯನ್ನೇ ನೋಡುತ್ತ ನಿಂತೆ.

ಸಬೀನಾ ನನ್ನ ತೋಳು ಮುಟ್ಟಿದಳು. ಹೊರಗಿನ ಒದ್ದೆ ಕಲ್ಲಿನ ಮೇಲೆ ಬಿಳಿಯದೊಂದು ಹೆಜ್ಜೆ ಇತ್ತು, ನಾಲ್ಕೇ ಬೆರಳಿನದು. ಅವಳು ಅದನ್ನು ತುಳಿಯದೆ ಪಕ್ಕದಿಂದ ದಾಟಿದಳು.

“ನಡಿ ತಾಯಿ, ಬಟ್ಟೆ ಒಗೀಬೇಕು.”

ಒಗೆಯಲು ಅವನ ಅಂಗಿ ನನ್ನ ಪಾಲಿಗೆ ಬಂತು. ನೀರಿಗೆ ಹಾಕುವ ಮುಂಚೆ ಜೇಬು ತಡವಿದೆ. ನಾಲ್ಕು ಮೊಳೆ ಇದ್ದವು. ಇಪ್ಪತ್ತನೆಯ ಫಲಕಕ್ಕೆಂದು ನಾನೇ ಕೊಟ್ಟವು.