ದಾಕ್ಷಿಣ್ಯಕ್ಕೆ ಕೊಟ್ಟ ಬಂದೂಕು

ಅಂಗಡಿ ಇಟ್ಟವರಿಗೆಲ್ಲ ಒಂದೇ ಕಷ್ಟ. ಗುರುತಿನವರು ಬಂದು ನಿಂತರೆ ‘ಇಲ್ಲ’ ಅನ್ನಲು ನಾಲಿಗೆ ಏಳುವುದಿಲ್ಲ. ನಾನು ದರ್ಜಿ. ಪ್ಯಾಂಟು ಹೊಲಿಯಲು ಕೊಟ್ಟವರೇ ಬಂದು ಒಯ್ಯಬೇಕೆಂದು ನಾನು ಯಾವತ್ತೂ ಹಟ ಹಿಡಿದವನಲ್ಲ. ತಮ್ಮ ಬರಲಿ, ಭಾವಮೈದ ಬರಲಿ, ಪಕ್ಕದ ಮನೆಯವರು ಬರಲಿ, ಸುತ್ತಿ ಕೈಗಿಡುತ್ತೇನೆ. ಒಮ್ಮೆ ಒಬ್ಬರ ಪ್ಯಾಂಟು ಇನ್ನೊಬ್ಬರ ಮನೆಗೆ ಹೋಗಿ, ಆತ ಅದನ್ನೇ ಹಾಕಿಕೊಂಡು ಮದುವೆ ಊಟ ಮುಗಿಸಿ ಬಂದ. ಎರಡೂ ಮನೆಯವರು ನನಗೆ ಮಂಗಳಾರತಿ ಎತ್ತಿದರು, ಆಮೇಲೆ ನಕ್ಕರು. ಅಷ್ಟಕ್ಕೇ ಮುಗಿಯಿತು.

ನನ್ನ ಪಕ್ಕದ ಅಂಗಡಿಯ ಮಾತು ಬೇರೆ. ಅದು ಬಂದೂಕಿನ ಅಂಗಡಿ. ಸರ್ಕಾರದ ಲೈಸೆನ್ಸ್ ಪಡೆದು ಅಪ್ಪನ ಕಾಲದಿಂದ ನಡೆದುಕೊಂಡು ಬಂದದ್ದು. ಗೋಡೆಗೆ ನಿಲ್ಲಿಸಿದ ಬಂದೂಕುಗಳಿಗೆಲ್ಲ ಒಂದೇ ಸರಪಳಿ, ಒಳಗೆ ಕಬ್ಬಿಣದ ಬೀರು, ಹಿಂದುಗಡೆ ರಿಪೇರಿ ಮೇಜು. ಹೋದರೆ ಮೂಗಿಗೆ ಮೊದಲು ಎಣ್ಣೆ ವಾಸನೆ ಬಡಿಯುತ್ತದೆ. ಅಂಗಡಿ ನಡೆಸುವವರು ಅಣ್ಣ ತಂಗಿ. ಅಣ್ಣ ಮುಂದೆ ಗಿರಾಕಿಗಳನ್ನು ನೋಡಿಕೊಳ್ಳುತ್ತಾನೆ, ತಂಗಿ ಹಿಂದೆ ರಿಪೇರಿ ಮಾಡುತ್ತಾಳೆ. ನಮ್ಮಿಬ್ಬರ ಅಂಗಡಿಗೂ ನಡುವೆ ಇರುವುದು ಹಲಗೆಯ ಗೋಡೆ. ಅಲ್ಲಿ ಕೆಮ್ಮಿದರೆ ಇಲ್ಲಿ ಕೇಳುತ್ತದೆ.

ಅಣ್ಣನಿಗೆ ಬೀದಿಯವರು ಇಟ್ಟ ಹೆಸರು ‘ಆಗ್ಲಿಬಿಡಿ’. ಯಾರು ಏನು ಕೇಳಿದರೂ ಅವನ ಬಾಯಲ್ಲಿ ಬರುತ್ತಿದ್ದದ್ದು ಅದೊಂದೇ ಮಾತು. ಚಂದಾ ಕೇಳಿದರೆ “ಆಗ್ಲಿ ಬಿಡಿ.” ಅಂಗಡಿ ಮುಂದೆ ಸೈಕಲ್ ನಿಲ್ಲಿಸಿದರೆ “ಆಗ್ಲಿ ಬಿಡಿ.” ಇಂಥ ಒಳ್ಳೆಯವನು ಬೀದಿಗೊಬ್ಬನಿದ್ದರೆ ಸಾಕು ಎನ್ನುತ್ತಿದ್ದೆವು. ನಿಜವಾಗಿಯೂ ಒಳ್ಳೆಯವನೇ. ಅದನ್ನು ನೆನೆದರೇ ನನಗೆ ಹೆಚ್ಚು ಸಂಕಟ.

ಒಂದು ದಿನ ಲೈಸೆನ್ಸ್ ಕಚೇರಿಯ ಮೇಡಂ ಬಂದರು. ಸರ್ಕಾರದವರು ಅಚ್ಚು ಹಾಕಿಸಿದ ಒಂದು ತೆಳ್ಳನೆಯ ಪುಸ್ತಕ ಅವರ ಕೈಲಿತ್ತು. ಬಂದೂಕು ವ್ಯಾಪಾರಿಗಳು ಕಾನೂನು ತಪ್ಪದೆ ಅಂಗಡಿ ನಡೆಸುವುದು ಹೇಗೆಂದು ತಿಳಿಸುವ ಮಾರ್ಗದರ್ಶಿ ಅದು.

“ಮೇಡಂ, ಅಪ್ಪನ ಕಾಲದಿಂದ ನಡೆಸ್ತಿದ್ದೀವಿ. ಈಗ ಪುಸ್ತಕ ಓದಿ ಕಲೀಬೇಕಾ?” ಎಂದ ಆಗ್ಲಿಬಿಡಿ.

“ಕಾಯ್ದೆ ಓದಿ ಅಂದ್ರೆ ವಕೀಲರಿಗೇ ತಲೆನೋವು ಬರುತ್ತೆ. ಅದಕ್ಕೇ ಸುಲಭವಾಗಿ ಬರೆದಿದ್ದಾರೆ. ಬಂದವರ ಲೈಸೆನ್ಸ್ ಹೇಗೆ ನೋಡ್ಬೇಕು, ರಿಪೇರಿಗೆ ಬಂದದ್ದನ್ನ ಎಲ್ಲಿಡ್ಬೇಕು, ವಾಪಸ್ ಯಾರ ಕೈಗೆ ಕೊಡ್ಬೇಕು, ಅನುಮಾನ ಬಂದ್ರೆ ಯಾರಿಗೆ ಫೋನ್ ಮಾಡ್ಬೇಕು, ಎಲ್ಲಾ ಇದೆ.”

“ನನಗೆ ಊರೆಲ್ಲ ಗೊತ್ತು ಮೇಡಂ. ಲೈಸೆನ್ಸಿನ ಫೋಟೋ ನೋಡೋ ಮೊದ್ಲೇ ಅವರಪ್ಪ, ಅವರಜ್ಜನ ಮುಖ ಕಣ್ಮುಂದೆ ಬರುತ್ತೆ.”

“ನನಗೆ ಭಯ ಇರೋದೇ ಅಲ್ಲಿ,” ಎಂದರು ಮೇಡಂ. “ಗುರುತಿಲ್ಲದವರು ಬಂದ್ರೆ ನೀವು ಎಲ್ಲಾ ಸರಿಯಾಗಿ ನೋಡ್ತೀರಿ. ಗುರುತಿನವರು ಬಂದಾಗ್ಲೇ ಎಡವೋದು. ಲೈಸೆನ್ಸ್ ಯಾರ ಹೆಸರಲ್ಲಿದೆಯೋ ಅವರ ಕೈಗೆ ಮಾತ್ರ ಕೊಡಿ. ಹೆಂಡ್ತಿ ಬರ್ಲಿ, ಮಗ ಬರ್ಲಿ, ತಮ್ಮ ಬರ್ಲಿ, ಕೊಡ್ಬೇಡಿ.”

“ಆಗ್ಲಿ ಬಿಡಿ ಮೇಡಂ, ಓದ್ತೀನಿ.”

ಓದಲಿಲ್ಲ. ಕರೆಂಟು ಹೋದಾಗಲೆಲ್ಲ ಆ ಪುಸ್ತಕದಿಂದ ಗಾಳಿ ಬೀಸಿಕೊಳ್ಳುತ್ತಿದ್ದ. ತಂಗಿ ಮಾತ್ರ ಅದನ್ನು ರಿಪೇರಿ ಮೇಜಿಗೆ ಒಯ್ದು ಊಟದ ಹೊತ್ತಿನಲ್ಲಿ ಓದುತ್ತಿದ್ದಳು. ಅದರ ಹಾಳೆಗಳ ತುದಿಯಲ್ಲೆಲ್ಲ ಅವಳ ಎಣ್ಣೆ ಬೆರಳಿನ ಗುರುತು ಬಿದ್ದಿತ್ತು.

ನಮ್ಮ ಬೀದಿಯ ಕೊನೆಯಲ್ಲಿ ಒಂದು ಸಾಮಿಲ್ ಇದೆ. ಬೆಳಗಿನಿಂದ ಸಂಜೆಯವರೆಗೆ ಮರ ಕೊಯ್ಯುವ ಸದ್ದು. ಅದು ಇಬ್ಬರು ಅಣ್ಣತಮ್ಮಂದಿರದು. ದೊಡ್ಡವನೂ ಆಗ್ಲಿಬಿಡಿಯೂ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತವರು. ಬಂದೂಕಿನ ಲೈಸೆನ್ಸ್ ದೊಡ್ಡವನ ಹೆಸರಿನಲ್ಲಿತ್ತು. ಚಿಕ್ಕವನು ಆಗ್ಲಿಬಿಡಿಯ ಹೆಗಲ ಮೇಲೆ ಕೂತು ಬೆಳೆದವನು. ಮೂಗಿನ ತುದಿಯಲ್ಲಿ ಕೋಪ, ಆದರೆ ಮನಸ್ಸು ಕೆಟ್ಟದ್ದಲ್ಲ.

ದೊಡ್ಡವನು ಒಂದು ಮಧ್ಯಾಹ್ನ ಬಂದೂಕನ್ನು ಚೀಲದಲ್ಲಿ ಸುತ್ತಿ ತಂದ. ಕತ್ತರಿ ಸಾಣೆ ಹಿಡಿಸಲು ನಾನೂ ಅಲ್ಲೇ ಕೂತಿದ್ದೆ.

“ಟ್ರಿಗರ್ ಯಾಕೋ ಸಡಿಲ ಆಗಿದೆ, ನೋಡಮ್ಮ,” ಎಂದ ತಂಗಿಗೆ.

ಅವಳು ಗುಂಡಿಲ್ಲವೆಂದು ಮೊದಲು ಖಾತ್ರಿ ಮಾಡಿಕೊಂಡು, ಬೆಳಕಿಗೆ ಹಿಡಿದು ನೋಡಿದಳು. “ಚೆನ್ನಾಗೇ ಇದೆಯಲ್ಲಣ್ಣ?”

“ಇರ್ಲಿ. ಒಂದ್ಸಲ ಬಿಚ್ಚಿ ನೋಡು. ಅವಸರ ಏನಿಲ್ಲ, ಸ್ವಲ್ಪ ದಿನ ಇಲ್ಲೇ ಇರ್ಲಿ. ನಾನೇ ಬಂದು ತಗೊಂಡು ಹೋಗ್ತೀನಿ.”

ಹೋಗುವಾಗ ಬಾಗಿಲಲ್ಲಿ ನಿಂತು ಇನ್ನೊಮ್ಮೆ ಹೇಳಿದ. “ನಾನೇ ಬರ್ತೀನಿ ಕಣೋ.”

“ಆಗ್ಲಿ ಬಿಡೋ ಮಾರಾಯ, ನಿನ್ ಬಂದೂಕು ಯಾರಿಗೆ ಬೇಕು?” ಎಂದು ನಕ್ಕ ಆಗ್ಲಿಬಿಡಿ.

ಆ ಮನೆಯೊಳಗೆ ಏನು ಬೇಯುತ್ತಿದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಸಾಮಿಲ್ ಪಾಲು ಮಾಡುವ ವಿಷಯಕ್ಕೆ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದರು. ಚಿಕ್ಕವನು ಕೂಗಾಡಿ ತಟ್ಟೆ ಎಸೆದಿದ್ದ. ಅವರ ತಾಯಿ ಹೆದರಿ, “ಮೊದ್ಲು ಆ ಬಂದೂಕನ್ನ ಮನೆಯಿಂದ ಆಚೆ ಹಾಕಪ್ಪ” ಎಂದು ದೊಡ್ಡವನಿಗೆ ಹೇಳಿದ್ದರು. ತಮ್ಮನ ಮರ್ಯಾದೆ ಬೀದಿಗೆ ಬೀಳಬಾರದೆಂದು ಅವನು ಟ್ರಿಗರಿನ ನೆಪ ಹೇಳಿದ್ದ. ನಿಜ ಹೇಳಲು ಅವನಿಗೂ ದಾಕ್ಷಿಣ್ಯ.

ಮುಂದಿನ ವಾರ ಚಿಕ್ಕವನು ಬಂದ. ಕೈಯಲ್ಲಿ ಅಣ್ಣನ ಲೈಸೆನ್ಸ್ ಪುಸ್ತಕ.

“ಅಣ್ಣ ಕಳಿಸ್ದ. ಬಂದೂಕು ರೆಡಿ ಇದ್ರೆ ಕೊಡ್ಬೇಕಂತೆ.”

“ಬಾರೋ, ಕೂತ್ಕೋ. ಕಾಣ್ಸೇ ಇಲ್ವಲ್ಲ ಇತ್ತೀಚೆಗೆ!” ಎನ್ನುತ್ತ ಆಗ್ಲಿಬಿಡಿ ಬೀಗದ ಕೈ ಹುಡುಕಿದ. ಒಳಗಿನಿಂದ ತಂಗಿ ಕರೆದಳು.

“ಅಣ್ಣ, ಒಂದ್ನಿಮಿಷ ಬಾ ಇಲ್ಲಿ.”

ಹಲಗೆಯ ಈ ಕಡೆ ನಾನು ಕಾಜಾ ಹಾಕುತ್ತಿದ್ದೆ. ಅವರ ಪಿಸುಮಾತು ಅಷ್ಟೂ ಕೇಳಿಸಿತು.

“ಅವ್ರು ನಾನೇ ಬರ್ತೀನಿ ಅಂದಿದ್ರಲ್ಲ?”

“ಏನೋ ಕೆಲ್ಸ ಇರುತ್ತೆ. ತಮ್ಮನ್ನ ಕಳ್ಸಿದಾನೆ. ಲೈಸೆನ್ಸೂ ಕೊಟ್ಟು ಕಳ್ಸಿದಾನಲ್ಲ.”

“ಲೈಸೆನ್ಸ್ ಬಂದ್ರೆ ಸಾಲದಣ್ಣ, ಅದರಲ್ಲಿರೋ ಮನುಷ್ಯ ಬರ್ಬೇಕು. ಮೇಡಂ ಹೇಳಿದ್ದು ಮರ್ತೋಯ್ತಾ? ಹೋಗ್ಲಿ, ಅವ್ರಿಗೊಂದು ಫೋನ್ ಮಾಡಿ ಕೇಳೋಣ.”

“ಎದುರಿಗೇ ಕೂತಿದಾನೆ ಕಣೆ ಅವನು. ಫೋನ್ ಮಾಡಿದ್ರೆ ಮುಖಕ್ಕೆ ಹೊಡ್ದ ಹಾಗಾಗಲ್ವಾ? ನಿನ್ನ ನಂಬಲ್ಲ ಕಣಪ್ಪ ಅಂತ ಹೇಳ್ದ ಹಾಗೆ.”

“ಬೇಜಾರ್ ಮಾಡ್ಕೊಂಡ್ರೆ ನಾಳೆ ಸರಿಹೋಗ್ತಾನೆ.”

“ಆಗ್ಲಿ ಬಿಡೆ. ನನ್ನ ಹೆಗಲ ಮೇಲೆ ಬೆಳೆದ ಹುಡುಗ.”

ಚಿಕ್ಕವನು ಗುಂಡಿನ ತೋಟಾನೂ ಕೇಳಿದ. ಅದಕ್ಕೆ ತಂಗಿ ಮೇಜು ಬಿಟ್ಟು ಮುಂದೆ ಬಂದು, “ಅದನ್ನ ಮಾತ್ರ ಸತ್ರೂ ಕೊಡಲ್ಲ, ನಿಮ್ಮಣ್ಣನೇ ಬರ್ಲಿ” ಎಂದಳು. ಅವನು ಮುಖ ಗಂಟು ಹಾಕಿಕೊಂಡು ಬಂದೂಕು ಹಿಡಿದು ಹೊರಟ. “ನೋಡು, ನಿನ್ ಮಾತೂ ನಡೀತು, ನನ್ ಮಾತೂ ನಡೀತು,” ಎಂದು ಅಣ್ಣ ತಂಗಿಯನ್ನು ಸಮಾಧಾನ ಮಾಡಿದ. ಕಾನೂನನ್ನು ಅರ್ಧ ಪಾಲಿಸಿದರೆ ಅರ್ಧ ಅನಾಹುತ ತಪ್ಪುತ್ತದೆಂದು ಅವನ ಲೆಕ್ಕ. ಆದರೆ ಸಾಮಿಲಿನ ಮೇಜಿನ ಖಾನೆಯಲ್ಲಿ ಹಳೆಯ ತೋಟಾಗಳು ಬಿದ್ದಿದ್ದವು.

ಆ ಸಂಜೆ ಗರಗಸದ ಸದ್ದು ಹೊತ್ತಿಗೆ ಮುಂಚೆಯೇ ನಿಂತಿತು. ನಾನು ಹೊಲಿಗೆ ಯಂತ್ರದಿಂದ ತಲೆ ಎತ್ತಿದೆ. ಸ್ವಲ್ಪ ಹೊತ್ತಿಗೆ ಸಾಮಿಲ್ ಕಡೆಯಿಂದ ಇನ್ನೊಂದು ಸದ್ದು ಕೇಳಿತು. ಪಕ್ಕದ ಅಂಗಡಿಯಲ್ಲಿ ಏನೋ ಕೆಳಗೆ ಬಿತ್ತು. ಸಾಮಿಲ್ ಕಡೆಯ ಆ ಸದ್ದು ಏನೆಂದು ಬೀದಿಯಲ್ಲಿ ಬೇರೆ ಯಾರಿಗೂ ತಿಳಿಯದಿದ್ದರೂ ಅಣ್ಣ ತಂಗಿಗೆ ತಿಳಿದಿತ್ತು.

ಅಣ್ಣನಿಗೆ ಹೇಳದೆ ಲೈಸೆನ್ಸ್ ತಂದಿದ್ದ ಚಿಕ್ಕವನು ಬಂದೂಕನ್ನು ಹೆದರಿಸಲೆಂದು ಹಿಡಿದಿದ್ದನಂತೆ. ದೊಡ್ಡವನು ಕಸಿದುಕೊಳ್ಳಲು ಹೋದಾಗ ಎಳೆದಾಟದಲ್ಲಿ ಸಿಡಿಯಿತು. ದೊಡ್ಡವನ ಬಲಗೈಯನ್ನು ಭುಜದಿಂದಲೇ ತೆಗೆಯಬೇಕಾಯಿತು. ಜೀವ ಉಳಿಯಿತು. ಚಿಕ್ಕವನನ್ನು ಪೊಲೀಸರು ಕರೆದೊಯ್ಯುವಾಗ ಅವನ ಅಂಗಿಯ ತುಂಬ ಅಣ್ಣನ ರಕ್ತ. ಅಣ್ಣನನ್ನು ಎತ್ತಿ ಗಾಡಿಗೆ ಹಾಕಿದವನೂ ಅವನೇ.

ಬಂದೂಕಿನ ಅಂಗಡಿಗೆ ಬೀಗ ಬಿತ್ತು. ಆಗ್ಲಿಬಿಡಿಯ ಮೇಲೂ ಕೇಸಾಯಿತು, ಲೈಸೆನ್ಸ್ ಅಮಾನತ್ತಾಯಿತು. ಅದಕ್ಕೆ ಅವನು ತಲೆ ಕೆಡಿಸಿಕೊಳ್ಳಲಿಲ್ಲ. ಅವನನ್ನು ಮುರಿದದ್ದು ಬೇರೆ. ಆ ಅಣ್ಣತಮ್ಮಂದಿರ ತಾಯಿ, ನಾವೆಲ್ಲ ಕರೆಯುವ ಸಾಮಿಲ್ ಅಮ್ಮ, ಒಂದು ದಿನ ಅಂಗಡಿಯ ಮುಚ್ಚಿದ ಬಾಗಿಲ ಮುಂದೆ ಬಂದು ಮೆಟ್ಟಿಲ ಮೇಲೆ ಕೂತರು. ನನ್ನ ಅಂಗಡಿಯಲ್ಲಿ ಕೂತಿದ್ದ ಆಗ್ಲಿಬಿಡಿ ಎದ್ದು ಹೋಗಿ ಎದುರಿಗೆ ನಿಂತ. ಬೈಯುತ್ತಾರೆ, ಶಾಪ ಹಾಕುತ್ತಾರೆ ಎಂದುಕೊಂಡೆವು. ಅವರು ದನಿ ಎತ್ತಲೇ ಇಲ್ಲ.

“ಬೆಳಿಗ್ಗೆ ಒಬ್ಬ ಮಗನ್ನ ನೋಡೋಕೆ ಆಸ್ಪತ್ರೆಗೆ ಹೋಗ್ತೀನಿ. ಮಧ್ಯಾಹ್ನ ಇನ್ನೊಬ್ಬನ್ನ ನೋಡೋಕೆ ಜೈಲಿಗೆ ಹೋಗ್ತೀನಿ. ಬಂದೂಕು ಮನೇಲಿದ್ರೆ ಅಪಾಯ ಅಂತ ನಿನ್ ಹತ್ರ ಇಡೋಕೆ ನಾನೇ ಹೇಳಿದ್ದಪ್ಪ. ನಿನ್ನ ಬೀರುನಲ್ಲಿದ್ರೆ ಭದ್ರ ಅಂತ.”

ಅವನು ಕೈಮುಗಿದ. ಅವರು ಎದ್ದು ಹೋದ ಮೇಲೂ ಕೈಮುಗಿದುಕೊಂಡೇ ನಿಂತಿದ್ದ.

ಆಮೇಲೆ ದಿನಾ ನನ್ನ ಅಂಗಡಿಯ ಸ್ಟೂಲಿನ ಮೇಲೆ ಬಂದು ಕೂರುತ್ತಿದ್ದ. ಯಾವ ಮಾತು ಎತ್ತಿದರೂ ಕೊನೆಗೆ ಅಲ್ಲಿಗೇ ಬರುತ್ತಿತ್ತು. “ಒಂದು ಫೋನ್ ಮಾಡ್ಬಹುದಿತ್ತಲ್ಲ... ಏನಾಗ್ತಿತ್ತು? ನಾಲ್ಕು ದಿನ ಮಾತು ಬಿಡ್ತಿದ್ದ ಅಷ್ಟೇ. ಕೈ ಇರ್ತಿತ್ತು. ಮನೇಲಿ ಇಬ್ರೂ ಇರ್ತಿದ್ರು.” ನಾನು ಹೂಂಗುಟ್ಟುತ್ತ ಹೊಲಿಯುತ್ತಿದ್ದೆ. ಅವನನ್ನು ಹಳೆಯ ಹೆಸರಿನಿಂದ ಕರೆಯುವುದನ್ನು ಬೀದಿಯವರು ತಾವಾಗಿ ಬಿಟ್ಟರು. ಅವನೂ ಆ ಮಾತು ಬಿಟ್ಟ.

ಬಹಳ ಸಮಯದ ನಂತರ ಅಂಗಡಿ ಮತ್ತೆ ತೆರೆಯಲು ಅನುಮತಿ ಬಂತು. ಲೈಸೆನ್ಸ್ ಈಗ ತಂಗಿಯ ಹೆಸರಿನಲ್ಲಿ. ಅದೇ ಮೇಡಂ ಬಂದು ಇಬ್ಬರನ್ನೂ ಕೂರಿಸಿಕೊಂಡು ಆ ಪುಸ್ತಕವನ್ನು ಒಂದೊಂದೇ ಸಾಲಾಗಿ ಓದಿಸಿದರು. ಈ ಸಲ ಅಣ್ಣ ಪ್ರತಿ ಸಾಲಿಗೂ ಪ್ರಶ್ನೆ ಕೇಳಿದ.

“ಮೇಡಂ, ಅವ್ರು ಹಾಸಿಗೆ ಹಿಡಿದಿದ್ರೆ? ಮಗನ ಕೈಲಿ ಚೀಟಿ ಬರೆದು ಕಳ್ಸಿದ್ರೆ?”

“ಆಗ್ಲೂ ಕೊಡೋ ಹಾಗಿಲ್ಲ. ನಮ್ಮ ಕಚೇರಿಗೆ ಫೋನ್ ಮಾಡಿ. ಏನು ಮಾಡ್ಬೇಕು ಅಂತ ನಾವು ಹೇಳ್ತೀವಿ. ಅಲ್ಲಿವರೆಗೂ ಅದು ನಿಮ್ಮ ಬೀರುನಲ್ಲೇ ಇರ್ಲಿ.”

“ಯಾಕೆ ನಂಬಲ್ವಾ ಅಂತ ಜಗಳಕ್ಕೆ ಬಂದ್ರೆ?”

“ಮೇಡಂ ಬೈತಾರೆ ಅನ್ನಿ. ನನ್ನ ಮೇಲೆ ಹಾಕಿ. ಕೆಟ್ಟವರಾಗೋದಕ್ಕೆ ನಾವಿದ್ದೀವಲ್ಲ,” ಎಂದು ಮೇಡಂ ನಕ್ಕರು. ಅವನು ನಗಲಿಲ್ಲ. “ಇದನ್ನ ಮೊದ್ಲೇ ಕೇಳಿದ್ರೆ ಆಗ್ತಿತ್ತು,” ಎಂದ.

ಕೇಸು ಮುಗಿದ ಮೇಲೆ ಕೋರ್ಟು ಆ ಬಂದೂಕನ್ನು ದೊಡ್ಡವನಿಗೆ ಮರಳಿಸಿತು. ಅದನ್ನು ಮಾರಿಬಿಡಲು ಅವನು ಅಂಗಡಿಗೆ ಬಂದ. ಬಂದೂಕು ಹಿಡಿದಿದ್ದವನು ಜೊತೆಗೆ ಬಂದ ಪೊಲೀಸ್ ಪೇದೆ. ದೊಡ್ಡವನ ಅಂಗಿಯ ಬಲತೋಳನ್ನು ನಾನೇ ಮಡಿಸಿ ಹೊಲಿದುಕೊಟ್ಟಿದ್ದೆ. ಬೀದಿಯವರೆಲ್ಲ ಕೈಲಿದ್ದ ಕೆಲಸ ಬಿಟ್ಟು ನೋಡುತ್ತಿದ್ದೆವು.

ಅಂಗಡಿಯ ಅಣ್ಣ ಎದ್ದು ನಿಂತ. ತಂಗಿಯೂ ಮುಂದೆ ಬಂದಳು. ಆ ತೋಳನ್ನು ನೋಡಿದ ಮೇಲೆ ‘ಲೈಸೆನ್ಸ್ ತೋರಿಸು’ ಎಂದು ಯಾವ ಬಾಯಲ್ಲಿ ಕೇಳುವುದು?

“ಬಾ... ಕೂತ್ಕೋ. ಅಲ್ಲೇ ಇಟ್ಬಿಡಿ ಸಾರ್,” ಎಂದು ಅಣ್ಣ ಪೇದೆಗೆ ಹೇಳಿದ.

ದೊಡ್ಡವನು ಕೂರಲಿಲ್ಲ. ಎಡಗೈಯಿಂದ ಕಷ್ಟಪಟ್ಟು ಜೇಬಿನಿಂದ ಲೈಸೆನ್ಸ್ ಪುಸ್ತಕ ತೆಗೆದು ಗಾಜಿನ ಕೌಂಟರ್ ಮೇಲಿಟ್ಟ. ಫೋಟೋ ಇದ್ದ ಹಾಳೆಯನ್ನು ತಾನೇ ಬಿಡಿಸಿದ.

“ಕೇಳೋ. ನನ್ ಲೈಸೆನ್ಸ್ ಕೇಳು. ಫೋಟೋ ನೋಡು, ನನ್ ಮುಖ ನೋಡು. ಅವತ್ತು ಹೀಗೇ ಮುಖ ನೋಡಿ ಕೇಳ್ಬೇಕಿತ್ತು ನೀನು. ಇವತ್ತಾದ್ರೂ ಕೇಳು.”

ಅಣ್ಣ ಪುಸ್ತಕ ಎತ್ತಿಕೊಂಡ. ಫೋಟೋ ನೋಡಿದ, ಮುಖ ನೋಡಿದ. ಕಣ್ಣು ಮಂಜಾಗಿ ತಾರೀಖು ಕಾಣದೆ ತಂಗಿಯ ಕೈಗೆ ಕೊಟ್ಟ. ಅವಳು ಓದಿ ಹೇಳಿದಳು. ಬಂದೂಕನ್ನು ಬಿಚ್ಚಿ ಖಾಲಿ ಇದೆಯೆಂದು ಎಲ್ಲರಿಗೂ ತೋರಿಸಿದಳು. ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕುವವರೆಗೂ ದೊಡ್ಡವನು ನೋಡುತ್ತ ನಿಂತಿದ್ದು, ಆಮೇಲೆ ಮನೆಗೆ ಹೋದ.

ಬಂದೂಕಿನ ಅಂಗಡಿ ನಡೆಸುವ ಅಣ್ಣಂದಿರೇ, ಅಕ್ಕಂದಿರೇ, ಸರ್ಕಾರದ ಆ ಪುಸ್ತಕ ನಿಮ್ಮ ಅಂಗಡಿಗೂ ಬಂದಿದ್ದರೆ ಇವತ್ತೇ ತೆಗೆದು ಓದಿ. ಬಂದಿಲ್ಲದಿದ್ದರೆ ಲೈಸೆನ್ಸ್ ಕಚೇರಿಗೆ ಹೋಗಿ ಕೇಳಿ ತನ್ನಿ, ತಿಳಿಯದ್ದನ್ನು ಅಲ್ಲೇ ಕೇಳಿಕೊಳ್ಳಿ. ಲೈಸೆನ್ಸ್ ಯಾರದೋ ಅವರ ಕೈಗೇ ಕೊಡಿ. ಗುರುತಿನವರಾದರೆ ಇನ್ನೂ ಒಂದು ಸಲ ಹೆಚ್ಚಿಗೆ ನೋಡಿ. ಬಂದೂಕು ಇಟ್ಟುಕೊಂಡವರೇ, ಅಂಗಡಿಯವರು ಲೈಸೆನ್ಸ್ ಕೇಳಿದರೆ ಬೇಸರ ಮಾಡಿಕೊಳ್ಳಬೇಡಿ. ಮನೆಯಲ್ಲಿ ಮನಸ್ತಾಪವಿದ್ದು ಬಂದೂಕನ್ನು ಆಚೆ ಇಡಬೇಕೆನಿಸಿದರೆ ನೆಪ ಹೇಳದೆ ಕಾರಣ ಹೇಳಿ ಇಡಿ. ಮಾನ ಹೋಗುವುದಿಲ್ಲ.

ನಮ್ಮ ಬೀದಿಯಲ್ಲಿ ಗರಗಸದ ಸದ್ದು ಈಗಲೂ ಇದೆ. ಕೂಲಿಯವರು ಕೊಯ್ಯುತ್ತಾರೆ, ದೊಡ್ಡವನು ಪಕ್ಕದಲ್ಲಿ ನಿಂತು ನೋಡುತ್ತಾನೆ. ಚಿಕ್ಕವನು ಬಿಡುಗಡೆಯಾಗಲು ಇನ್ನೂ ವರ್ಷಗಳಿವೆ. ಸಾಮಿಲ್ ಅಮ್ಮ ದಿನಾ ಇಬ್ಬರಿಗೂ ಅಡುಗೆ ಮಾಡಿ, ಒಬ್ಬನಿಗೆ ಬಡಿಸುತ್ತಾರೆ.